ಚಿಗರಿ ಹತ್ತಲಾಗದ ಹದಿನಾಲ್ಕು ತಿಂಗಳು

ನಮ್ಮ ಹುಬ್ಬಳ್ಳಿಯ ಕಡೆ ಯಾರಾದರೂ ತಲೆಕೆಟ್ಟಂತೆ ಆಡಿದರೆ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎನ್ನುವುದು ಹಳೆಯ ಕುಹಕ. ಬ್ರಿಟಿಷರ ಕಾಲದಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇರುವುದರಿಂದ ಹುಟ್ಟಿದ ಮಾತು ಅದು. ನಾನು ಹದಿನೇಳು ವರ್ಷಗಳಿಂದ ವಾರಕ್ಕೆ ಆರು ದಿನ, ಯಾರೂ ಕಳಿಸದೆ, ನಾನಾಗಿಯೇ ಧಾರವಾಡಕ್ಕೆ ಹೋಗಿ ಬರುತ್ತಿದ್ದವಳು. ಅಲ್ಲಿನ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನದು ಗುಮಾಸ್ತೆಯ ಕೆಲಸ. ನನ್ನ ಕಾಯಿಲೆಯ ಚೋದ್ಯವೇನೆಂದರೆ, ಅದು ಬಂದ ಮೇಲೆ ನನಗೆ ಧಾರವಾಡಕ್ಕೆ ಹೋಗುವುದೇ ಆಗಲಿಲ್ಲ.

ಕಾಯಿಲೆಯ ಹೆಸರು ಅಗೋರಾಫೋಬಿಯಾ. ಆ ಹೆಸರು ನನ್ನ ಕಿವಿಗೆ ಬೀಳಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ನನಗೆ ಭಯದ ಕಾಯಿಲೆಯಿದೆ ಎಂಬ ಅನುಮಾನ ನನಗಾಗಲಿ ಮನೆಯವರಿಗಾಗಲಿ ಒಮ್ಮೆಯೂ ಬರಲಿಲ್ಲ. ಏಕೆಂದರೆ ಅದು ನಮ್ಮ ಮನೆಗೆ ಬಂದದ್ದು ನೆಪಗಳ ವೇಷದಲ್ಲಿ, ಅದೂ ಒಂದೊಂದಾಗಿ. ಒಂದೊಂದು ನೆಪವೂ ಕೇಳಲು ನ್ಯಾಯವಾಗಿಯೇ ಇತ್ತು.

2023ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ವಿದ್ಯಾನಗರದಲ್ಲಿ ಎಂದಿನಂತೆ ಚಿಗರಿ ಹತ್ತಿದೆ. ಹೊರಗಿನ ಊರಿನವರಿಗೆ ಹೇಳುವುದಾದರೆ, ಚಿಗರಿ ಎಂದರೆ ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ರಸ್ತೆಯ ಮಧ್ಯದಲ್ಲಿ ತನ್ನದೇ ಪಥದಲ್ಲಿ ಓಡುವ ಹವಾನಿಯಂತ್ರಿತ ಬಸ್ಸು. 2018ರಿಂದ ಓಡುತ್ತಿದೆ. ಕಿಟಕಿ ತೆರೆಯುವುದಿಲ್ಲ. ಬಾಗಿಲು ನಿಲ್ದಾಣದಲ್ಲಿ ಮಾತ್ರ ತೆರೆಯುತ್ತದೆ. "ಇಲ್ಲೇ ಸ್ವಲ್ಪ ನಿಲ್ಲಿಸಿ" ಎಂದು ಚಾಲಕನನ್ನು ಕೇಳುವಂತಿಲ್ಲ. ಅಂದಿನವರೆಗೆ ಇವೆಲ್ಲ ನನ್ನ ಲೆಕ್ಕದಲ್ಲಿ ಆ ಬಸ್ಸಿನ ಗುಣಗಳಾಗಿದ್ದವು.

ಸೀಟು ಸಿಕ್ಕಿರಲಿಲ್ಲ, ಕಂಬಿ ಹಿಡಿದು ನಿಂತಿದ್ದೆ. ನವನಗರ ದಾಟಿದ ಮೇಲೆ ಎದೆ ಒಮ್ಮೆಲೇ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿತು, ಬೆರಳ ತುದಿಗಳು ಜುಮುಗುಟ್ಟಿದವು, ಗಂಟಲು ಬಿಗಿಯಿತು. ಪಕ್ಕದಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಯ ಬಗ್ಗೆ ಮಾತನಾಡುತ್ತಿದ್ದರು. ಆ ಮಾತು ಗಾಜಿನ ಆಚೆಯಿಂದ ಬಂದಂತೆ ಕೇಳಿಸಿತು. ನನ್ನ ಕೈ ನನ್ನದಲ್ಲ ಎನ್ನಿಸಿತು. ಈಗಲೇ ಸಾಯುತ್ತೇನೆಯೋ ಅಥವಾ ಇಷ್ಟು ಜನರ ಮುಂದೆ ಕಿರುಚಿಬಿಡುತ್ತೇನೆಯೋ, ಎರಡರಲ್ಲಿ ಯಾವುದು ಮೊದಲು ಎಂಬುದಷ್ಟೇ ಗೊತ್ತಾಗಬೇಕಿತ್ತು. ರಾಯಾಪುರದಲ್ಲಿ ಬಾಗಿಲು ತೆರೆದ ಕೂಡಲೇ ಜನರನ್ನು ನೂಕಿಕೊಂಡು ಇಳಿದೆ. ಕಾಲು ಗಂಟೆ ಬೆಂಚಿನ ಮೇಲೆ ಕುಳಿತೆ. ಎಲ್ಲವೂ ತಾನಾಗಿ ಇಳಿಯಿತು. ಉಳಿದದ್ದು ಒದ್ದೆಯಾದ ರವಿಕೆ ಮತ್ತು ವಿಪರೀತ ನಾಚಿಕೆ.

ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುವುದು ಅದರ ಸ್ವಭಾವ. ಆದರೆ ಅಂದು ನಾನು ಹೃದಯಾಘಾತವೆಂದೇ ನಂಬಿದ್ದೆ. ನಮ್ಮ ಮನೆಯವರು ಬೈಕಿನಲ್ಲಿ ಬಂದು ನೇರ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿಗೆ 300, ಎರಡು ದಿನ ಬಿಟ್ಟು ಎಕೋ 1,800, ಟಿಎಂಟಿ 1,500, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲ ಸೇರಿ 1,950 ರೂಪಾಯಿ. ಮೂರು ವೈದ್ಯರ ಶುಲ್ಕ ಕೂಡಿಸಿದರೆ ಆ ಹದಿನೈದು ದಿನಗಳಲ್ಲಿ ಸುಮಾರು 7,000 ರೂಪಾಯಿ ಹೋಯಿತು. ಎಲ್ಲ ವರದಿಗಳೂ ಸರಿಯಾಗಿದ್ದವು. "ನಿಮಗೆ ಏನೂ ಇಲ್ಲ, ಗ್ಯಾಸ್ ಇರಬಹುದು" ಎಂದರು ಒಬ್ಬರು. ಇನ್ನೊಬ್ಬರು ಹತ್ತು ದಿನಕ್ಕೆಂದು ಒಂದು ಸಣ್ಣ ಶಮನದ ಮಾತ್ರೆ ಬರೆದುಕೊಟ್ಟರು.

ಈ ಪರೀಕ್ಷೆಗಳು ದಂಡ ಎಂದು ನಾನು ಹೇಳುವುದಿಲ್ಲ. ಎದೆನೋವು, ಉಸಿರಾಟದ ತೊಂದರೆ ಮೊದಲ ಸಲ ಬಂದಾಗ ತೋರಿಸಲೇಬೇಕು. ಥೈರಾಯ್ಡ್ ಹೆಚ್ಚಾದರೂ ರಕ್ತಹೀನತೆಯಾದರೂ ಎದೆ ಹೀಗೆಯೇ ಹೊಡೆದುಕೊಳ್ಳಬಹುದು. ನನ್ನ ತಪ್ಪು ಆಮೇಲಿನದು. ಒಬ್ಬರು ಹೃದಯ ಸರಿಯಿದೆ ಎಂದ ಮೇಲೆ ಇನ್ನೊಬ್ಬ ಹೃದಯತಜ್ಞರನ್ನು ಹುಡುಕಿದೆ. "ಹೃದಯವಲ್ಲದಿದ್ದರೆ ಮತ್ತೇನು?" ಎಂದು ಯಾರನ್ನೂ ಕೇಳಲಿಲ್ಲ.

ಇಲ್ಲಿಂದ ನೆಪಗಳು ಶುರುವಾದವು.

ಮರುದಿನದಿಂದಲೇ ಚಿಗರಿ ಬಿಟ್ಟೆ. ಎಸಿಯ ಗಾಳಿ ಆಗಿಬರುವುದಿಲ್ಲ ಎಂದೆ. ಸಾದಾ ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟೇ ಬೇಕು, ಇಲ್ಲದಿದ್ದರೆ ಮುಂದಿನ ಬಸ್ಸು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅದೂ ಆಗಲಿಲ್ಲ. ನಮ್ಮ ಓಣಿಯ ಆಟೊ ಕಾಕಾನನ್ನು ಗೊತ್ತು ಮಾಡಿಕೊಂಡೆ. ಶಕ್ತಿ ಯೋಜನೆ ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲದ ದಾರಿಗೆ ನಾನು ದಿನಕ್ಕೆ 700 ರೂಪಾಯಿ ಕೊಡುತ್ತಿದ್ದೆ. ಕೆಲವು ದಿನ ಮನೆಯವರೇ ಬಿಡುತ್ತಿದ್ದುದರಿಂದ ಮೂರು ತಿಂಗಳಿಗೆ 41,000ಕ್ಕೆ ನಿಂತಿತು. ಈ ಕಾಯಿಲೆಗೆ ನಾನು ಮಾಡಿದ ಅತಿ ದೊಡ್ಡ ಖರ್ಚು ಇದೇ. ಯಾವ ಬಿಲ್ಲಿನಲ್ಲಿಯೂ ಅದನ್ನು ಕಾಯಿಲೆಯ ಖರ್ಚು ಎಂದು ಬರೆದಿಲ್ಲ.

ದುರ್ಗದಬೈಲಿನ ಸಂತೆಗೆ ಹೋಗುವುದನ್ನು ಬಿಟ್ಟೆ: ಗಾಡಿಯವನು ಓಣಿಗೇ ಕಾಯಿಪಲ್ಲೆ ತರುತ್ತಾನಲ್ಲ. ಬ್ಯಾಂಕಿನ ಪಾಳಿ ಬಿಟ್ಟೆ: ಮೊಬೈಲಿನಲ್ಲೇ ಆಗುತ್ತದಲ್ಲ. ಸಿದ್ಧಾರೂಢರ ಮಠಕ್ಕೆ ಸೋಮವಾರ ಹೋಗುವುದು ತಪ್ಪಿತು: ಮೊಣಕಾಲು ನೋವು. ಲಿಫ್ಟು, ಸಿನಿಮಾ, ಉಣಕಲ್ ಕೆರೆಯ ದಂಡೆಯ ನಡಿಗೆ ಒಂದೊಂದಾಗಿ ಉದುರಿದವು. ಹೋದ ಕಡೆಯಲ್ಲೆಲ್ಲ ಮೊದಲು ನೋಡುತ್ತಿದ್ದುದು ಹೊರಗೆ ಹೋಗುವ ದಾರಿಯನ್ನು. ಚೀಲದಲ್ಲಿ ನೀರಿನ ಬಾಟಲಿ, ಪೂರ್ತಿ ಚಾರ್ಜು ಮಾಡಿದ ಮೊಬೈಲು ಮತ್ತು ಆ ಹತ್ತು ಶಮನದ ಮಾತ್ರೆಗಳು. ಮಾತ್ರೆ ಒಂದನ್ನೂ ನುಂಗಿರಲಿಲ್ಲ, ತಾಯತದಂತೆ ಹೊತ್ತು ತಿರುಗುತ್ತಿದ್ದೆ. ನಮ್ಮ ಓಣಿಗೆ ವಾರಕ್ಕೊಮ್ಮೆ ನಲ್ಲಿ ನೀರು ಬರುತ್ತದೆ. ಆ ವಾರದ ನೀರಿನಲ್ಲಿ ನನ್ನ ಬಾಟಲಿಯದೇ ಒಂದು ಪಾಲು ಎಂದು ಮಗಳು ನಗುತ್ತಿದ್ದಳು.

2024ರ ಜನವರಿಯಲ್ಲಿ ಗಳಿಕೆ ರಜೆ ಹಾಕಿ ಮನೆಯಲ್ಲಿ ಕುಳಿತೆ. ಆಗ ನಡೆದದ್ದು ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕಹಿಯಾದ ಭಾಗ. ಅತ್ತೆಯವರು ಬಂದವರ ಮುಂದೆ ನನ್ನನ್ನು ಹೊಗಳತೊಡಗಿದರು. "ಈಗ ನೋಡಿ, ಮನೆ ಹಿಡಿದು ಇರುವುದನ್ನು ಕಲಿತಿದ್ದಾಳೆ." ವೈನಿಯವರು ಒಪ್ಪಿ ತಲೆಯಾಡಿಸಿದರು. ಕೆಲಸಕ್ಕೆ ಹೋಗುವ ಸೊಸೆ ಹದಿನೇಳು ವರ್ಷಗಳಲ್ಲಿ ಗಳಿಸದ ಹೆಸರನ್ನು ಹೊಸ್ತಿಲು ದಾಟಲಾಗದ ಸೊಸೆ ಒಂದೇ ತಿಂಗಳಲ್ಲಿ ಗಳಿಸಿದಳು. ಗಂಡಸು ಹೀಗೆ ಒಂದು ವಾರ ಒಳಗೆ ಕುಳಿತಿದ್ದರೆ ಊರೇ ವೈದ್ಯರ ಹೆಸರು ಹೇಳುತ್ತಿತ್ತು. ನಿಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಬಹಳ ಗೃಹಸ್ಥೆಯಾಗಿಬಿಟ್ಟರೆ ದಯವಿಟ್ಟು ಹೊಗಳುವ ಮೊದಲು ಒಮ್ಮೆ ಏಕೆಂದು ವಿಚಾರಿಸಿ.

ಫೆಬ್ರವರಿಯಲ್ಲಿ ಗದಗಿನಲ್ಲಿ ಅಣ್ಣನ ಮಗಳ ಮದುವೆ. ಗದಗ ಇಲ್ಲಿಂದ ಸುಮಾರು 60 ಕಿಲೋಮೀಟರ್. ಸೀರೆ ಉಟ್ಟು, ಹೂ ಮುಡಿದು, ಕಾರಿನಲ್ಲಿ ಕುಳಿತೆ. ಊರು ದಾಟುವ ಮೊದಲೇ "ತಿರುಗಿಸಿ" ಎಂದೆ. ಮನೆಯವರು ಏನೂ ಅನ್ನದೆ ತಿರುಗಿಸಿದರು. ಸಂಜೆ ಅವ್ವ ಫೋನು ಮಾಡಿ, "ನಿನ್ನ ಬಿಪಿ ನಮ್ಮ ಮನೆಯ ಮದುವೆಗೇ ಬರಬೇಕಿತ್ತೇ?" ಎಂದು ಕೇಳಿ ಇಟ್ಟುಬಿಟ್ಟಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಎರಡು ಗಂಟೆಗೆ 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ನಾನು ಕನ್ನಡ ಆರಿಸಿದೆ. ಸ್ವಲ್ಪ ಕಾದ ಮೇಲೆ ಒಬ್ಬ ಹೆಣ್ಣುಮಗಳು ಮಾತಿಗೆ ಸಿಕ್ಕಳು. ನಾನು ಅರ್ಧ ಗಂಟೆ ಹೃದಯದ ಬಗ್ಗೆಯೇ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಬೇರೆಯದೇ ಪ್ರಶ್ನೆ ಕೇಳಿದಳು: "ಮೇಡಂ, ಹೋದ ವರ್ಷ ಈ ಹೊತ್ತಿಗೆ ಒಬ್ಬರೇ ಹೋಗುತ್ತಿದ್ದ ಯಾವ ಯಾವ ಜಾಗಗಳಿಗೆ ಈಗ ಹೋಗುತ್ತಿಲ್ಲ?" ಒಂದು ಹಾಳೆಯಲ್ಲಿ ಬರೆಯಿರಿ, ಪಕ್ಕದಲ್ಲಿ ಏಕೆ ಎಂದೂ ಬರೆಯಿರಿ, ಅದನ್ನು ತೆಗೆದುಕೊಂಡು ಮನೋವೈದ್ಯರನ್ನು ಕಾಣಿರಿ ಎಂದಳು. ಕಾಯಿಲೆಯ ಹೆಸರು ಹೇಳಲಿಲ್ಲ.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದೆ. ಹದಿನಾಲ್ಕು ಜಾಗಗಳು, ಹದಿನಾಲ್ಕು ನೆಪಗಳು. ಎಸಿ, ಮೊಣಕಾಲು, ಬಿಸಿಲು, ಬಿಪಿ, ಪುರುಸೊತ್ತಿಲ್ಲ. ಒಂದೊಂದನ್ನೇ ಓದಿದರೆ ಎಲ್ಲವೂ ನಿಜ. ಒಟ್ಟಿಗೆ ಓದಿದಾಗ ಇದು ಸುಳ್ಳುಗಾತಿಯ ಹಾಳೆ ಎಂದು ನನಗೇ ಅನ್ನಿಸಿತು.

ಈಗ ಒಂದು ವಿಚಿತ್ರ ಅಡಚಣೆ. ಮನೆಯಿಂದ ಹೊರಗೆ ಹೋಗಲಾರದ ಕಾಯಿಲೆಗೆ ಔಷಧ ಬೇಕೆಂದರೆ ಮನೆಯಿಂದ ಹೊರಗೆ ಹೋಗಬೇಕು. ನಾವು ಗೊತ್ತು ಮಾಡಿಕೊಂಡ ಮನೋವೈದ್ಯೆಯ ಕ್ಲಿನಿಕ್ಕು ಮೂರನೇ ಮಹಡಿಯಲ್ಲಿ. ಲಿಫ್ಟು ಇತ್ತು, ನನಗೆ ಇಲ್ಲದಂತೆಯೇ. ಕಾಯುವ ಕೋಣೆಯಲ್ಲಿ ಹದಿನೈದು ಜನ, ಒಂದೇ ಬಾಗಿಲು. ಮೊದಲ ದಿನ ಎಂಟು ನಿಮಿಷ ಕುಳಿತು ಎದ್ದು ಬಂದೆ. ಎರಡನೆಯ ಸಲ ಚೀಟಿ ಬರೆಯುವ ಹುಡುಗನಿಗೆ ಸಂಕೋಚ ಬಿಟ್ಟು ಹೇಳಿದೆ: "ತಮ್ಮಾ, ನಾನು ಮೆಟ್ಟಿಲ ಮೇಲೆ ಕುಳಿತಿರುತ್ತೇನೆ, ಪಾಳಿ ಬಂದಾಗ ಕೂಗು." ಅವನಿಗೆ ಅದು ಹೊಸದೇನೂ ಆಗಿರಲಿಲ್ಲ. "ಆಗಲಿ ಅಕ್ಕಾ, ಎರಡನೇ ಮಹಡಿಯ ಮೆಟ್ಟಿಲಿಗೆ ಗಾಳಿ ಚೆನ್ನಾಗಿ ಬರುತ್ತದೆ" ಎಂದ. ಮುಂದೆ ಹೋಗುವವರು ಇದನ್ನು ಮೊದಲೇ ಫೋನಿನಲ್ಲಿ ಹೇಳಿಟ್ಟರೆ ಒಂದು ಸುತ್ತು ಉಳಿಯುತ್ತದೆ. ಕೆಲವು ವೈದ್ಯರು ವಿಡಿಯೊ ಕರೆಯಲ್ಲಿಯೂ ನೋಡುತ್ತಾರೆ, ಕೇಳಿ ನೋಡಿ.

ವೈದ್ಯೆ ನನ್ನ ಕ್ಯಾಲೆಂಡರ್ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದು ಪ್ರತಿ ಸಾಲಿನ ಮುಂದೆ ಒಂದೊಂದು ಅಂಕೆ ಹಾಕುತ್ತ ಹೋದರು. ಬಸ್ಸು, ರೈಲಿನಂಥ ಸಾರ್ವಜನಿಕ ವಾಹನಗಳಿಗೆ ಒಂದು. ಕೆರೆಯ ದಂಡೆ, ಸೇತುವೆ, ಮೈದಾನದಂಥ ಬಯಲಿಗೆ ಎರಡು. ಸಿನಿಮಾ, ಅಂಗಡಿ, ಲಿಫ್ಟಿನಂಥ ಮುಚ್ಚಿದ ಜಾಗಕ್ಕೆ ಮೂರು. ಪಾಳಿ, ಗುಂಪು, ಜಾತ್ರೆಗೆ ನಾಲ್ಕು. ಒಬ್ಬಳೇ ಮನೆಯ ಹೊರಗಿರುವುದಕ್ಕೆ ಐದು. ಈ ಐದರಲ್ಲಿ ಕನಿಷ್ಠ ಎರಡರ ಭಯ, ಆರು ತಿಂಗಳು ಅಥವಾ ಹೆಚ್ಚು ಕಾಲ, ಬದುಕಿಗೆ ಅಡ್ಡವಾಗುವಷ್ಟು ಇದ್ದರೆ ಅದನ್ನು ಅಗೋರಾಫೋಬಿಯಾ ಎಂದು ಗುರುತಿಸುತ್ತಾರಂತೆ. ನನಗೆ ಐದೂ ಇದ್ದವು. "ಪೂರ್ಣಾಂಕ" ಎಂದೆ. ಅವರು ನಗಲಿಲ್ಲ, ನಾನೂ ಆಮೇಲೆ ಅತ್ತೆ.

"ಇದು ಬಯಲಿನ ಭಯ ಎಂದು ಎಲ್ಲೋ ಓದಿದ್ದೇನೆ, ನನಗೆ ಲಿಫ್ಟೂ ಆಗುವುದಿಲ್ಲವಲ್ಲ" ಎಂದು ಕೇಳಿದೆ. ಅವರು ವಿವರಿಸಿದ್ದು ಹೀಗೆ: ಭಯ ಜಾಗದ್ದಲ್ಲ. ಆ ಜಾಗದಲ್ಲಿ ಮೈ ಕೈಕೊಟ್ಟರೆ ತಪ್ಪಿಸಿಕೊಳ್ಳುವುದು ಹೇಗೆ, ಯಾರು ನೆರವಿಗೆ ಬರುತ್ತಾರೆ, ಜನರ ಮುಂದೆ ಮಾನ ಹೋದರೆ ಏನು ಗತಿ ಎಂಬುದೇ ಭಯ. ಆದ್ದರಿಂದಲೇ ಗಂಡ ಜೊತೆಗಿದ್ದರೆ ಅರ್ಧ ಭಯ ಇಳಿಯುತ್ತದೆ, ಬಾಗಿಲ ಪಕ್ಕದ ಸೀಟು ಸಿಕ್ಕರೆ ಕಾಲು ಭಾಗ ಇಳಿಯುತ್ತದೆ. ಕೆಲವರಿಗೆ ಪ್ಯಾನಿಕ್ ಅಟ್ಯಾಕ್ ಆಗದೆಯೂ ಈ ಕಾಯಿಲೆ ಬರುತ್ತದೆ. ವೈದ್ಯರು ಈಗ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ.

ಹೆಸರಿನ ಮೂಲವನ್ನು ಮನೆಗೆ ಬಂದು ಮಗಳಿಂದ ಹುಡುಕಿಸಿದೆ. 1871ರಲ್ಲಿ ಬರ್ಲಿನ್ನಿನ ವೆಸ್ಟ್‌ಫಾಲ್ ಎಂಬ ವೈದ್ಯರು, ಊರಿನ ಚೌಕಗಳನ್ನು ದಾಟಲಾಗದೆ ಕಂಗಾಲಾಗುತ್ತಿದ್ದ ರೋಗಿಗಳನ್ನು ನೋಡಿ ಇಟ್ಟ ಹೆಸರಂತೆ. ಅಗೋರಾ ಎಂದರೆ ಗ್ರೀಕರಲ್ಲಿ ಊರ ನಡುವಿನ ಬಯಲು, ಜನ ಸೇರಿ ಮಾತನಾಡುವ ಜಾಗ, ಸಂತೆ. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರಿನಲ್ಲಿ ಬೈಲು ಇದ್ದು, ಕಾಲಿಡಲು ಜಾಗವಿಲ್ಲದಂತೆ ಅಂಗಡಿ, ಗಾಡಿ, ಗಿರ್ಮಿಟ್, ಮಿರ್ಚಿಗಳಿಂದ ತುಂಬಿದ ದುರ್ಗದಬೈಲು ನಮಗೆ ಇದೆಯಲ್ಲ. ಬಯಲೂ ಅದೇ, ಗುಂಪೂ ಅದೇ.

ಔಷಧದ ವಿಷಯಕ್ಕೆ ಬರುತ್ತೇನೆ. ವೈದ್ಯೆ ಎಸಿಟಾಲೊಪ್ರಾಮ್ ಎಂಬ ಮಾತ್ರೆ ಬರೆದರು, ಮೊದಲು ಸಣ್ಣ ಪ್ರಮಾಣ, ಆಮೇಲೆ ಹೆಚ್ಚು. ನಿಮಗೆ ಯಾವುದು ಎಂಬುದನ್ನು ನಿಮ್ಮ ವೈದ್ಯರು ಹೇಳಬೇಕು, ನನ್ನ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬೇಡಿ. ನಾನು ಹೇಳಬಹುದಾದದ್ದು ಕಾಯುವಿಕೆಯ ಬಗ್ಗೆ ಮಾತ್ರ. ಇದು ತಲೆನೋವಿನ ಮಾತ್ರೆಯಲ್ಲ, ಗುಣ ಕಾಣಲು ವಾರಗಳು ಬೇಕು. ಮೊದಲ ಎಂಟು ಹತ್ತು ದಿನ ನನಗೆ ವಾಕರಿಕೆ ಬಂತು, ನಿದ್ದೆ ಕೆಟ್ಟಿತು, ಎದೆಬಡಿತ ಇನ್ನೂ ಹೆಚ್ಚಾದಂತೆ ಅನ್ನಿಸಿತು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಗಮನಕ್ಕೆ ಬಂತು: ಎದ್ದಾಗಿನಿಂದ ನಾಡಿ ಹಿಡಿದು ನೋಡಿಕೊಂಡಿರಲಿಲ್ಲ. ಮಾತ್ರೆಗೆ ತಿಂಗಳಿಗೆ ಸುಮಾರು 250 ರೂಪಾಯಿ. ಹಾಯೆನಿಸಿತೆಂದು ತಟ್ಟನೆ ನಿಲ್ಲಿಸುವಂತಿಲ್ಲ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಚೀಲದಲ್ಲಿದ್ದ ಆ ಹಳೆಯ ಶಮನದ ಮಾತ್ರೆಗಳನ್ನು ವೈದ್ಯೆ ಕೇಳಿ ಇಸಿದುಕೊಂಡರು. ಅಂಥವು ಬೇಗ ಚಟವಾಗುತ್ತವೆ, ನುಂಗದಿದ್ದರೂ ಊರುಗೋಲಾಗುತ್ತವೆ ಎಂದರು.

ಕಾಗದಪತ್ರಗಳಲ್ಲಿ ಎರಡು ಕಡೆ ಎಡವಿದೆ. ಗಳಿಕೆ ರಜೆ ಮುಗಿದ ಮೇಲೆ ವೈದ್ಯಕೀಯ ಕಾರಣದ ರಜೆಗೆ ಪ್ರಮಾಣಪತ್ರ ಬೇಕಾಯಿತು. ಪತ್ರದ ತಲೆಯಲ್ಲಿ ಮನೋವೈದ್ಯರು ಎಂದು ಅಚ್ಚಾಗಿರುತ್ತದೆ. ಅದನ್ನು ಸ್ವೀಕರಿಸುವ ಮೇಜಿನಲ್ಲಿ ಹದಿನೇಳು ವರ್ಷ ಕುಳಿತವಳು ನಾನೇ. ಯಾವ ಪತ್ರವನ್ನು ಯಾರು ಯಾರು ಓದುತ್ತಾರೆ, ಚಹಾದ ಹೊತ್ತಿಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಎರಡು ವಾರ ಆ ಹಾಳೆ ಕಪಾಟಿನಲ್ಲಿತ್ತು. ವೈದ್ಯೆಯನ್ನು ಕೇಳಿದಾಗ, ರೋಗದ ವಿವರವೆಲ್ಲ ಬರೆಯಬೇಕಾಗಿಲ್ಲ, ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನ ವಿಶ್ರಾಂತಿ ಬೇಕು ಎಂದರೆ ಸಾಕು ಎಂದು ಬರೆದುಕೊಟ್ಟರು. ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿಯೂ ಇದೆ. ಕೊನೆಗೆ ಮನೆಯವರು ಅದನ್ನು ನೇರವಾಗಿ ನಮ್ಮ ಅಧೀಕ್ಷಕರ ಕೈಗೆ ಕೊಟ್ಟರು. ಅವರು ಓದಿ, ಸಹಿ ಮಾಡಿ, "ಹೋಗುವಾಗ ಬಾಗಿಲು ಮುಂದೆ ಮಾಡಿ, ಫ್ಯಾನಿನ ಗಾಳಿಗೆ ಕಾಗದ ಹಾರುತ್ತವೆ" ಎಂದರಂತೆ. ಎರಡು ವಾರ ನಿದ್ದೆಗೆಟ್ಟದ್ದಕ್ಕೆ ಅಷ್ಟೇ ಉತ್ತರ.

ಎರಡನೆಯದು ವಿಮೆ. ಅದೇ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ಪರಿಗಣಿಸಬೇಕು. ಆ ಧೈರ್ಯದ ಮೇಲೆ ಬಿಲ್ಲುಗಳನ್ನೆಲ್ಲ ಜೋಡಿಸಿ ಕಳಿಸಿದೆ. ಐದು ವಾರದ ನಂತರ ತಿರಸ್ಕಾರದ ಪತ್ರ ಬಂತು. ನಮ್ಮ ಪಾಲಿಸಿಯಲ್ಲಿ ಒಳರೋಗಿಯಾಗಿ ದಾಖಲಾದರೆ ಮಾತ್ರ ಹಣ. ಹೊರರೋಗಿ ಚಿಕಿತ್ಸೆಗೆ ಯಾವ ಕಾಯಿಲೆಗೂ ಇಲ್ಲ. ಸಮಾನತೆ ಎಂದರೆ ಇದೂ ಸಮಾನವೇ. ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಝೆರಾಕ್ಸಿನ ದುಡ್ಡಾದರೂ ಉಳಿಯುತ್ತದೆ. ಖಾಸಗಿ ವೈದ್ಯರ ಶುಲ್ಕ ಭಾರವಾಗುವವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಆ ಕುಹಕದ ಮಾತಿನ ಆಸ್ಪತ್ರೆಯೇ ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ಮಾತ್ರೆ ನನ್ನನ್ನು ಹೊಸ್ತಿಲವರೆಗೆ ತಂದಿತು. ದಾಟಿಸಿದ್ದು ಇನ್ನೊಬ್ಬರು: ವೈದ್ಯೆ ಕಳಿಸಿಕೊಟ್ಟ ಮನಃಶಾಸ್ತ್ರಜ್ಞೆ, ಮೂವತ್ತೂ ತುಂಬಿರದ ಹುಡುಗಿ. ಒಂದು ಭೇಟಿಗೆ 900 ರೂಪಾಯಿ, ಒಟ್ಟು ಹನ್ನೆರಡು ಭೇಟಿ. ಮೊದಲ ಭೇಟಿಯಲ್ಲಿಯೇ ನನ್ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಗರಗರ ತಿರುಗಿಸಿದಳು. ತಲೆ ಸುತ್ತಿತು, ಎದೆ ಬಡಿಯಿತು, ಬಸ್ಸಿನಲ್ಲಿ ಆದದ್ದೇ ಆಯಿತು. "ಈಗ ಸಾಯುತ್ತೀರಾ ಮೇಡಂ?" ಎಂದಳು. ಇಲ್ಲ, ಕುರ್ಚಿ ತಿರುಗಿದ್ದಕ್ಕೆ ತಲೆ ಸುತ್ತುತ್ತಿದೆ ಎಂದೆ. ಅದೇ ಪಾಠವಂತೆ. ಭಯದಲ್ಲಿ ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ಬಿದ್ದುಬಿಡುತ್ತೇನೆ ಎನ್ನಿಸಿದರೂ ಬೀಳುವುದು ಅಪರೂಪ. ಮೂರ್ಛೆ ಹೋಗಲು ರಕ್ತದೊತ್ತಡ ಇಳಿಯಬೇಕು, ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಅದು ಏರಿರುತ್ತದೆ. ಏಳು ತಿಂಗಳ ಹಿಂದೆ ಯಾರಾದರೂ ಇಷ್ಟು ಹೇಳಿದ್ದರೆ ಎಕೋದ ದುಡ್ಡಿನಲ್ಲಿ ಒಂದು ಸೀರೆ ಬರುತ್ತಿತ್ತು.

ಆಮೇಲೆ ನನ್ನ ಹದಿನಾಲ್ಕು ಜಾಗಗಳಿಗೆ ಸೊನ್ನೆಯಿಂದ ನೂರರವರೆಗೆ ಭಯದ ಅಂಕ ಹಾಕಿಸಿ, ಕಡಿಮೆಯಿಂದ ಹೆಚ್ಚಿಗೆ ಏಣಿಯಂತೆ ಜೋಡಿಸಿದಳು. ನಿಯಮ ಒಂದೇ: ಭಯ ಏರುತ್ತಿರುವಾಗ ಓಡಬಾರದು, ಅದು ತಾನಾಗಿ ಅರ್ಧಕ್ಕೆ ಇಳಿಯುವವರೆಗೆ ಅಲ್ಲಿಯೇ ಇರಬೇಕು. ಒಂದೊಂದು ಮೆಟ್ಟಿಲನ್ನೂ ಬೇಸರ ಬರುವವರೆಗೆ ಮಾಡಬೇಕು.

ಮೊದಲ ಮೆಟ್ಟಿಲು ಓಣಿಯ ತುದಿಯ ಕಿರಾಣಿ ಅಂಗಡಿ. ಒಂದು ವಾರ ದಿನವೂ ಒಂದೊಂದು ಬೆಂಕಿಪೊಟ್ಟಣ ತಂದೆ. ಅಂಗಡಿಯವರು "ಅಕ್ಕಾ, ಗ್ಯಾಸ್ ಒಲೆ ಕೆಟ್ಟಿದೆಯೇ?" ಎಂದು ಕೇಳಿದ ದಿನ ಅಂಕ 40ರಿಂದ 10ಕ್ಕೆ ಬಂದಿತ್ತು. ಉಣಕಲ್ ಕೆರೆಯ ದಂಡೆಯಲ್ಲಿ ಮನೆಯವರು ಮೊದಲು ಪಕ್ಕದಲ್ಲಿ, ಆಮೇಲೆ ಐವತ್ತು ಹೆಜ್ಜೆ ಹಿಂದೆ, ಆಮೇಲೆ ಗೇಟಿನಲ್ಲಿಯೇ ಕುಳಿತು ಶೇಂಗಾ ತಿನ್ನುತ್ತ. ಜೂನ್‌ನಲ್ಲಿ ಕೆಲಸಕ್ಕೆ ಮರಳಿದೆ. ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದೆ, ಆದರೂ ಹೋದೆ.

ರೈಲು ನಿಲ್ದಾಣದ ಕಲ್ಪನೆ ನನ್ನದೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಅತಿ ಉದ್ದದ್ದು, 1,507 ಮೀಟರ್. ಊರೆಲ್ಲ ಅದರೊಂದಿಗೆ ಫೋಟೊ ತೆಗೆಸಿಕೊಂಡಿತ್ತು. ನನಗೆ ಅದು ಒಂದೂವರೆ ಕಿಲೋಮೀಟರ್ ಉದ್ದದ, ನಡುವೆ ಓಡಿಹೋಗಲು ದಾರಿಯಿಲ್ಲದ ಜಾಗ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ಟು ಎರಡು ಗಂಟೆ ನಡೆಯುತ್ತದೆ. ಇಷ್ಟು ಅಗ್ಗದ ಚಿಕಿತ್ಸೆ ನನಗೆ ಬೇರೆಲ್ಲಿಯೂ ಸಿಗಲಿಲ್ಲ. ಮೊದಲ ದಿನ ಮೂರನೆಯ ಒಂದು ಭಾಗ ನಡೆದು ನಿಂತೆ. ಅಂಕ 80. ಕಂಬಕ್ಕೆ ಒರಗಿ ನಿಂತೇ ಇದ್ದೆ. ಒಂದು ಗೂಡ್ಸ್ ರೈಲು ಪೂರ್ತಿ ಹಾದುಹೋಯಿತು, ಡಬ್ಬಿ ಎಣಿಸಿದೆ, ಲೆಕ್ಕ ತಪ್ಪಿತು. ಇಪ್ಪತ್ತೈದು ನಿಮಿಷಕ್ಕೆ 35 ಆಯಿತು. ಆರನೆಯ ಸಲಕ್ಕೆ ತುದಿ ಮುಟ್ಟಿದೆ. ತುದಿಯಲ್ಲಿ ಏನೂ ಇಲ್ಲ, ಒಂದು ಇಳಿಜಾರು ಮತ್ತು ಒಂದು ನಾಯಿ.

ಸೆಪ್ಟೆಂಬರಿನ ಗಣೇಶ ಹಬ್ಬದಲ್ಲಿ ಜಾರಿಬಿದ್ದೆ. ಬಹಳ ಸುಧಾರಿಸಿದ್ದೇನೆ ಎಂಬ ಹಮ್ಮಿನಲ್ಲಿ ವಿಸರ್ಜನೆಯ ಸಂಜೆ ಒಬ್ಬಳೇ ಕೊಪ್ಪಿಕರ್ ರಸ್ತೆಗೆ ಹೋದೆ. ಏಣಿಯಲ್ಲಿ ಇಲ್ಲದ ಮೆಟ್ಟಿಲು. ಡೋಲು, ಗುಲಾಲು, ಎರಡೂ ಕಡೆಯಿಂದ ಜನ. ಎದೆಗೆ ಬಡಿಯುತ್ತಿದ್ದದ್ದು ಡೋಲೋ ಹೃದಯವೋ ಗೊತ್ತಾಗಲಿಲ್ಲ. ಒಂದು ಬಟ್ಟೆ ಅಂಗಡಿಗೆ ನುಗ್ಗಿ, ಕೈಗೆ ಸಿಕ್ಕ ಡ್ರೆಸ್ಸು ಹಿಡಿದು ಅಳತೆ ನೋಡುವ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕುಳಿತೆ. ಮನೆಯವರು ಬಂದು ಕರೆದೊಯ್ದರು. ಮೂರು ದಿನ ಗೇಟು ದಾಟಲಿಲ್ಲ, ಎಲ್ಲ ಮಣ್ಣುಗೂಡಿತು ಎಂದು ಅತ್ತುಬಿಟ್ಟೆ. ಮನಃಶಾಸ್ತ್ರಜ್ಞೆ ಹುಡುಗಿ ಫೋನಿನಲ್ಲಿ ಹೇಳಿದಳು: "ಓಡಿ ಬಂದದ್ದಕ್ಕೆ ಏನೂ ಆಗುವುದಿಲ್ಲ ಮೇಡಂ. ಮತ್ತೆ ಅಲ್ಲಿಗೆ ಹೋಗುವುದನ್ನು ಎಷ್ಟು ದಿನ ಮುಂದೂಡುತ್ತೀರಿ ಎಂಬುದನ್ನು ಮಾತ್ರ ನೋಡಿಕೊಳ್ಳಿ." ನಾಲ್ಕನೆಯ ದಿನ ಅದೇ ಅಂಗಡಿಗೆ ಹೋದೆ. ಕೆಲಸದ ಹುಡುಗಿ ಗುರುತು ಹಿಡಿದು, "ಅಕ್ಕಾ, ಅವತ್ತು ಡ್ರೆಸ್ಸು ಒಳಗೇ ಬಿಟ್ಟು ಹೋದಿರಲ್ಲ" ಎಂದು ಅದನ್ನೇ ತಂದು ಮುಂದೆ ಹಿಡಿದಳು. 1,150 ರೂಪಾಯಿ. ಚಿಕಿತ್ಸೆಯ ವೆಚ್ಚದಲ್ಲಿ ಬರೆದಿಟ್ಟಿದ್ದೇನೆ.

ಆ ವಾರವೇ ಅವ್ವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಅತ್ತೆಯ, ಅಂದರೆ ನನ್ನ ಅಜ್ಜಿಯ ಸುದ್ದಿ ತೆಗೆದಳು. ಮೂವತ್ತು ವರ್ಷ ಅಗಸೆ ಬಾಗಿಲು ದಾಟದ ಹೆಣ್ಣುಮಗಳು ಎಂದು ನಮ್ಮ ಮನೆತನದಲ್ಲಿ ಅಜ್ಜಿಗೆ ದೊಡ್ಡ ಹೆಸರು. "ಜಾತ್ರೆಯ ದಿನ ತೇರಿನ ಸದ್ದು ಕೇಳಿದರೆ ಹಿತ್ತಲಿಗೆ ಹೋಗಿ ಎದೆ ಹಿಡಿದುಕೊಂಡು ಕೂಡುತ್ತಿದ್ದಳು" ಎಂದಳು ಅವ್ವ. "ಭಕ್ತಿ ಎಂದುಕೊಂಡಿದ್ದೆವು."

ಅಕ್ಟೋಬರಿನಲ್ಲಿ ಚಿಗರಿ. ಮೊದಲ ವಾರ ನಿಲ್ದಾಣದಲ್ಲಿ ನಿಂತು ಬಸ್ಸುಗಳನ್ನು ನೋಡಿ ವಾಪಸ್ ಬರುವುದಷ್ಟೇ. ಎರಡನೆಯ ವಾರ ಒಂದು ನಿಲ್ದಾಣ, ಆಮೇಲೆ ಮೂರು, ಆಮೇಲೆ ನವನಗರದವರೆಗೆ. ತಿಂಗಳ ಕೊನೆಗೆ ಒಂದು ಬೆಳಿಗ್ಗೆ, ಬಾಗಿಲಿನಿಂದ ದೂರದ ಸೀಟಿನಲ್ಲಿ, ನೀರಿನ ಬಾಟಲಿ ಮನೆಯಲ್ಲಿ ಬಿಟ್ಟು, ಧಾರವಾಡದವರೆಗೆ ಹೋದೆ. ರಾಯಾಪುರದಲ್ಲಿ ಎದೆ ಬಡಿಯಿತು, ಅಂಕ 60. ಬಾಗಿಲು ತೆರೆಯಿತು, ಮುಚ್ಚಿತು, ನಾನು ಕುಳಿತಿದ್ದೆ. ಜುಬಿಲಿ ಸರ್ಕಲ್ ಬರುವ ಹೊತ್ತಿಗೆ 20. ಕಚೇರಿಗೆ ಹನ್ನೆರಡು ನಿಮಿಷ ತಡವಾಗಿತ್ತು. ಅಧೀಕ್ಷಕರು ಗಡಿಯಾರ ನೋಡಿದರು, ಹಾಜರಿ ಪುಸ್ತಕ ಮುಂದೆ ತಳ್ಳಿದರು.

ಒಟ್ಟು ಲೆಕ್ಕ ಹೇಳುವುದಾದರೆ ಮೊದಲ ಪರೀಕ್ಷೆಗಳಿಗೆ 7,000, ಮನೋವೈದ್ಯೆಯ ಏಳು ಭೇಟಿಗಳಿಗೆ 3,000, ಮನಃಶಾಸ್ತ್ರಜ್ಞೆಗೆ 10,800, ಇಲ್ಲಿಯವರೆಗಿನ ಮಾತ್ರೆಗಳಿಗೆ ಸುಮಾರು 2,000. ಆಟೊದ 41,000 ಬೇರೆ. ಮಾತ್ರೆ ಇನ್ನೂ ಇದೆ. ಮುಂದಿನ ವರ್ಷ ಇಳಿಸುವ ವಿಚಾರ ಮಾಡೋಣ ಎಂದಿದ್ದಾರೆ ವೈದ್ಯೆ.

ಕ್ಯಾಲೆಂಡರ್ ಹಾಳೆಯಲ್ಲಿ ಹನ್ನೆರಡು ಸಾಲುಗಳನ್ನು ಹೊಡೆದುಹಾಕಿದ್ದೇನೆ. ದುರ್ಗದಬೈಲಿಗೆ ಹೋದ ಭಾನುವಾರ ಹೋಗಿ ಮೆಂತ್ಯೆಯ ಪಲ್ಲೆ ತಂದೆ, ಗಿರ್ಮಿಟ್ ತಿನ್ನುವಷ್ಟು ಹೊತ್ತು ನಿಂತೆ. ಉಳಿದಿರುವುದು ಸಿನಿಮಾ ಮತ್ತು ಲಿಫ್ಟು. ಮುಂದಿನ ವಾರ ಮತ್ತೆ ಕ್ಲಿನಿಕ್ಕಿಗೆ ಹೋಗಬೇಕು, ಮೂರನೇ ಮಹಡಿ. ಗುಂಡಿ ಒತ್ತುತ್ತೇನೋ ಮೆಟ್ಟಿಲು ಹತ್ತುತ್ತೇನೋ ಇನ್ನೂ ತೀರ್ಮಾನಿಸಿಲ್ಲ. ಮೊಣಕಾಲು ಮಾತ್ರ ನಿಜವಾಗಿಯೂ ನೋಯುತ್ತಿದೆ.